ಡಬ್ಬಿ ನಿಧಾನವೇ? ಹೊಸದು ಕೊಳ್ಳುವ ಮುಂಚೆ ಕಾರಣ ಹುಡುಕೋಣ



ಕುರ್ತಕೋಟಿಯಲ್ಲಿ ಒಂದು ಸಂಘದ ಸಭೆ ನಡೆದಿದೆ ಎಂದು ತಿಳಿಯೋಣ. ಮೆಣಸಿನಕಾಯಿ ಒಣಗಿಸುವ ಪದ್ಧತಿಯ ಬಗ್ಗೆ ವಿಡಿಯೋ ನೋಡಲು ಎಲ್ಲರೂ ಕೂಡಿದ್ದಾರೆ. ಟಿವಿಗೆ ಜೋಡಿಸಿದ ಪುಟ್ಟ ಕಂಪ್ಯೂಟರ್ ಡಬ್ಬಿ ಎರಡು ನಿಮಿಷ ಓಡುತ್ತದೆ, ನಿಲ್ಲುತ್ತದೆ. ಮಾತು ಮುಂದೆ, ಚಿತ್ರ ಹಿಂದೆ. "ಈ ಡಬ್ಬಿ ಕೆಟ್ಟೈತ್ರಿ, ಹೊಸಾದು ತರೂಣು" ಎನ್ನುತ್ತಾರೆ ಒಬ್ಬರು. "ಇಂಥಾ ಅಗ್ಗದ್ದು ತಂದವ್ರು ಯಾರು?" ಎಂದು ಇನ್ನೊಬ್ಬರು ಖಜಾಂಚಿಯ ಮುಖ ನೋಡುತ್ತಾರೆ. ಆಗ ಹಿಂದೆ ಕುಳಿತ ಹಿರಿಯರೊಬ್ಬರು ಕೇಳುತ್ತಾರೆ: "ರೊಕ್ಕ ಯಾರದವ್ವಾ? ವಾರಾ ವಾರಾ ಕಟ್ಟಿದ ನಮ್ಮ ಉಳಿತಾಯದ್ದಲ್ಲೇನು?"

ಅವರ ಪ್ರಶ್ನೆಯೇ ನಮ್ಮ ಇಂದಿನ ಪಾಠ. ಹೊಲಕ್ಕೆ ನೀರು ಬರುವ ಪೈಪಿನಲ್ಲಿ ಕಸ ಸಿಕ್ಕಿಕೊಂಡಿದ್ದರೆ ದೊಡ್ಡ ಮೋಟರು ತಂದರೂ ನೀರು ಬರುವುದಿಲ್ಲ. ಕಸ ಎಲ್ಲಿದೆ ಎಂದು ಮೊದಲು ನೋಡಬೇಕು. ಡಬ್ಬಿಯ ವಿಷಯವೂ ಹಾಗೆಯೇ.

ಈ ಡಬ್ಬಿ ಎಂದರೇನು?

ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಕಂಪ್ಯೂಟರುಗಳಲ್ಲಿ ಹೆಸರಾದದ್ದು ರಾಸ್ಪ್‌ಬೆರಿ ಪೈ. 2012ರ ಫೆಬ್ರವರಿಯಲ್ಲಿ ಇಂಗ್ಲೆಂಡಿನಲ್ಲಿ ಹೊರಬಂತು. ಮಕ್ಕಳು ಕಡಿಮೆ ಖರ್ಚಿನಲ್ಲಿ ಕಂಪ್ಯೂಟರ್ ಕಲಿಯಲಿ ಎಂಬುದು ಅದರ ಉದ್ದೇಶ. ಆಗಿನ ಬೆಲೆ 35 ಡಾಲರ್. ಕೋಡಿ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ ಅದು ಟಿವಿಯಲ್ಲಿ ಹಾಡು, ವಿಡಿಯೋ ತೋರಿಸುತ್ತದೆ.

ದುಬಾರಿ ಯಂತ್ರ ಬರಲಿ ಎಂದು ಕಾಯದೆ ಕೆಲಸ ಮಾಡಿದ ಹೆಣ್ಣುಮಕ್ಕಳು ನಮ್ಮ ರಾಜ್ಯದಲ್ಲೇ ಇದ್ದಾರೆ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಕೇಂದ್ರ ನಡೆಸಲು ಸ್ವಸಹಾಯ ಸಂಘದ ಮಹಿಳೆಯರು ಕೈಜೋಡಿಸಿದರು. ಸ್ವಯಂಸೇವಾ ಸಂಸ್ಥೆಗಳಿಗೆ ರೇಡಿಯೋ ಪರವಾನಗಿ ಸಿಗದಿದ್ದ ಆ ಕಾಲದಲ್ಲಿ, 2003ರಲ್ಲಿ, ಅವರ ಕಾರ್ಯಕ್ರಮಗಳು ಕೇಬಲ್ ತಂತಿಯ ಮೂಲಕ ಮನೆಮನೆ ತಲುಪಿದವು. ಇದ್ದ ಸಾಧನವನ್ನೇ ಸರಿಯಾಗಿ ಬಳಸಿದರು. ನಾವೂ ಹಾಗೆ ಮಾಡೋಣ.

ಮೊದಲ ಪರೀಕ್ಷೆ

ಒಂದೇ ವಿಡಿಯೋವನ್ನು ಎರಡು ರೀತಿ ನೋಡಿರಿ: ಒಮ್ಮೆ ಇಂಟರ್ನೆಟ್‌ನಿಂದ, ಒಮ್ಮೆ ಪೆನ್‌ಡ್ರೈವ್‌ನಿಂದ. ಪೆನ್‌ಡ್ರೈವ್‌ನಿಂದ ಸರಾಗವಾಗಿ ಓಡಿ, ಇಂಟರ್ನೆಟ್‌ನಿಂದ ನಿಂತರೆ ತೊಂದರೆ ಹೆಚ್ಚಾಗಿ ಸಂಪರ್ಕದಲ್ಲಿದೆ. ಎರಡರಲ್ಲೂ ನಿಂತರೆ ಡಬ್ಬಿಯ ಕಡೆ ನೋಡಬೇಕು. ಬೇರೆ ಕಂಪನಿಯ ಟಿವಿ ಬಾಕ್ಸ್ ಇದ್ದವರೂ ಈ ಪರೀಕ್ಷೆ ಮಾಡಬಹುದು.

ನೋಡಬೇಕಾದ ಆರು ಕಾರಣಗಳು

1. ಕರೆಂಟ್. ಹಳೆಯ ಮೊಬೈಲ್ ಚಾರ್ಜರ್ ಹಾಕುವುದು ನಾವು ಸಾಮಾನ್ಯವಾಗಿ ಮಾಡುವ ತಪ್ಪು. ಪೈ 3ಕ್ಕೆ 2.5 ಆಂಪ್, ಪೈ 4ಕ್ಕೆ 3 ಆಂಪ್ ಕೊಡುವ ಚಾರ್ಜರ್ ಬೇಕು. ಕರೆಂಟ್ ಸಾಲದಿದ್ದರೆ ಡಬ್ಬಿ ತಾನೇ ವೇಗ ಇಳಿಸಿಕೊಳ್ಳುತ್ತದೆ. ಪರದೆಯ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಅಥವಾ 'ಲೋ ವೋಲ್ಟೇಜ್' ಎಂಬ ಸೂಚನೆ ಕಂಡರೆ ಇದೇ ಕಾರಣ. ಉದ್ದನೆಯ, ತೆಳುವಾದ ವೈರ್ ಕೂಡ ಕರೆಂಟ್ ತಿನ್ನುತ್ತದೆ.

2. ಬಿಸಿ. ಒಳಗಿನ ಚಿಪ್ಪು ಸುಮಾರು 80 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಸುಟ್ಟುಹೋಗದಂತೆ ನಿಧಾನವಾಗುತ್ತದೆ. ಧೂಳು ಬರಬಾರದೆಂದು ನಾವು ಡಬ್ಬಿಗೆ ಬಟ್ಟೆ ಹೊದಿಸುತ್ತೇವೆ, ಟಿವಿಯ ಹಿಂದೆ ತುರುಕುತ್ತೇವೆ. ನಮ್ಮ ಗದಗಿನ ಬ್ಯಾಸಿಗಿಯಲ್ಲಿ ನಮಗೇ ಗಾಳಿ ಬೇಕು, ಅದಕ್ಕೆ ಬೇಡವೇ? ಬಟ್ಟೆ ತೆಗೆದು ಗಾಳಿ ಆಡುವಲ್ಲಿ ಇಡಿರಿ. ಚಿಪ್ಪಿನ ಮೇಲೆ ಅಂಟಿಸುವ ಚಿಕ್ಕ ಲೋಹದ ತುಂಡು ಸಿಗುತ್ತದೆ, ಅದೂ ಶಾಖ ಇಳಿಸುತ್ತದೆ.

3. ಮೆಮೊರಿ ಕಾರ್ಡ್. ತಂತ್ರಾಂಶ ಇರುವುದು ಈ ಉಗುರಿನಷ್ಟು ಕಾರ್ಡಿನಲ್ಲಿ. ಕಾರ್ಡ್ ನಕಲಿಯಾದರೆ, ಸವೆದಿದ್ದರೆ ಅಥವಾ ತುಂಬಿದ್ದರೆ ಪ್ರತಿ ಪಟ್ಟಿ ತೆರೆಯಲೂ ತಡವಾಗುತ್ತದೆ. 'ಎ1' ಗುರುತಿನ ಒಳ್ಳೆಯ ಕಾರ್ಡನ್ನು ನಂಬಿಗಸ್ತ ಅಂಗಡಿಯಲ್ಲಿ ಬಿಲ್ ಸಹಿತ ಕೊಳ್ಳಿರಿ. ವಿಡಿಯೋಗಳನ್ನು ಬೇರೆ ಪೆನ್‌ಡ್ರೈವ್‌ನಲ್ಲಿ ಇಡಿರಿ. ಮುಖ್ಯವಾಗಿ, ಸಭೆ ಮುಗಿದ ಕೂಡಲೇ ಪ್ಲಗ್ ಕಿತ್ತುಬಿಡಬಾರದು. ಪರದೆಯ ಪಟ್ಟಿಯಲ್ಲಿ 'ಪವರ್ ಆಫ್' ಒತ್ತಿ, ಡಬ್ಬಿ ಪೂರ್ತಿ ನಿಂತ ಮೇಲೆ ಸ್ವಿಚ್ ಆರಿಸಿರಿ. ಇಲ್ಲವಾದರೆ ಕಾರ್ಡಿನೊಳಗಿನ ಬರಹ ಕೆಡುವ ಭಯವಿದೆ.

4. ಸಂಪರ್ಕ. ದಪ್ಪ ಗೋಡೆಗಳು ವೈಫೈಯನ್ನು ತಡೆಯುತ್ತವೆ. ರೂಟರ್ ಹತ್ತಿರ ತನ್ನಿರಿ. ಸಾಧ್ಯವಾದರೆ ಕೇಬಲ್ ನೇರವಾಗಿ ಜೋಡಿಸಿರಿ, ಇದು ಖರ್ಚು ಕಡಿಮೆ, ಫಲ ಹೆಚ್ಚು. ಸಭೆಯ ಹೊತ್ತಿನಲ್ಲಿ ಉಳಿದವರ ಮೊಬೈಲ್ ವೈಫೈ ಬಂದ್ ಇರಲಿ. ವಿಡಿಯೋ ಗುಣಮಟ್ಟವನ್ನು 1080ರಿಂದ 720ಕ್ಕೆ ಅಥವಾ 480ಕ್ಕೆ ಇಳಿಸಿರಿ. ಪಾಠ ಕಲಿಯಲು ಅಷ್ಟು ಸಾಕು. ಇನ್ನೂ ಸುಲಭದ ದಾರಿ: ಇಳಿಸಿಕೊಳ್ಳಲು ಅನುಮತಿ ಇರುವ ವಿಡಿಯೋ ಆದರೆ ಹಿಂದಿನ ರಾತ್ರಿಯೇ ಪೆನ್‌ಡ್ರೈವ್‌ಗೆ ಇಳಿಸಿಟ್ಟುಕೊಳ್ಳಿರಿ.

5. ವಿಡಿಯೋದ ಜಾತಿ. ವಿಡಿಯೋವನ್ನು ಮಡಚಿ ಚಿಕ್ಕದು ಮಾಡುವ ಪದ್ಧತಿಗಳು ಹಲವು ಇವೆ. ಪೈ 3ರವರೆಗಿನ ಡಬ್ಬಿಗಳಲ್ಲಿ ಎಚ್.264 ಎಂಬುದನ್ನು ಬಿಚ್ಚಲು ಬೇರೆ ಅಂಗವೇ ಇದೆ. ಎಚ್.265 ಬಂದರೆ ಆ ಭಾರ ಮುಖ್ಯ ಚಿಪ್ಪಿನ ಮೇಲೆ ಬಿದ್ದು ಏದುಸಿರು ಬರುತ್ತದೆ. 2019ರಲ್ಲಿ ಬಂದ ಪೈ 4ರಲ್ಲಿ ಎಚ್.265ಕ್ಕೂ ಅಂಗ ಇದೆ. ಹಳೆಯ ಡಬ್ಬಿಯಲ್ಲಿ ಒಂದು ವಿಡಿಯೋ ಓಡಿ ಇನ್ನೊಂದು ನಿಂತರೆ ಅದನ್ನೇ ಎಚ್.264ರಲ್ಲಿ ಹುಡುಕಿರಿ.

6. ಬೇಡದ ಹೊರೆ. ಮಕ್ಕಳು ಸೇರಿಸಿದ ಆ್ಯಡ್‌ಆನ್‌ಗಳು, ಬಣ್ಣಬಣ್ಣದ ಹೊಸ ಮುಖಪುಟಗಳು, ಓಡುವ ಸುದ್ದಿ ಸಾಲು ಇವೆಲ್ಲ ನೆನಪಿನ ಜಾಗ ತಿನ್ನುತ್ತವೆ. ಬಳಸದವನ್ನು ತೆಗೆದುಹಾಕಿ, ಕೋಡಿಯ ಜೊತೆ ಬಂದ ಮೂಲ ಮುಖಪುಟವನ್ನೇ ಇಡಿರಿ. ಸಂತೆಗೆ ಹೋಗುವಾಗ ಚೀಲ ಖಾಲಿ ಇದ್ದರೇ ನಡಿಗೆ ಹಗುರ.

ಪರೀಕ್ಷಿಸುವ ಕ್ರಮ

ಒಮ್ಮೆಗೆ ಒಂದೇ ಬದಲಾವಣೆ ಮಾಡಿರಿ. ಚಾರ್ಜರ್, ಕಾರ್ಡ್, ರೂಟರ್ ಎಲ್ಲ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು ಎಂದು ತಿಳಿಯದು, ಮೂರಕ್ಕೂ ರೊಕ್ಕ ಹೋಗಿರುತ್ತದೆ. ಖರ್ಚಿಲ್ಲದ ಕೆಲಸ ಮೊದಲು: ಬಟ್ಟೆ ತೆಗೆಯುವುದು, ಗುಣಮಟ್ಟ ಇಳಿಸುವುದು, ಬೇಡದ್ದನ್ನು ತೆಗೆಯುವುದು. ಆಮೇಲೆ ಬೇರೆಯವರ ಒಳ್ಳೆಯ ಚಾರ್ಜರ್ ಒಂದು ದಿನ ಎರವಲು ತಂದು ನೋಡಿರಿ. ಗುಣ ಕಂಡರೆ ಮಾತ್ರ ಕೊಳ್ಳಿರಿ. ಮಾಡಿದ್ದನ್ನು, ಆದದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ.

ಇಷ್ಟೆಲ್ಲ ಮಾಡಿದರೂ ಆಗದಿದ್ದರೆ ಡಬ್ಬಿಗೆ ನಿಜವಾಗಿಯೂ ವಯಸ್ಸಾಗಿದೆ. ಮೊದಲು ಬಂದ ಪೈಯಲ್ಲಿ ಇದ್ದ ನೆನಪಿನ ಜಾಗ ಬರೀ 256 ಎಂಬಿ. ಅದರಿಂದ ಇಂದಿನ ಕೆಲಸ ಬಯಸುವುದು ನ್ಯಾಯವಲ್ಲ. ಆಗ ಹೊಸದು ಕೊಳ್ಳಲು ಸಭೆಯಲ್ಲಿ ಧೈರ್ಯವಾಗಿ ಠರಾವು ಮಾಡಿರಿ. ಕಾರಣ ಗೊತ್ತಿದ್ದು ಮಾಡಿದ ಖರ್ಚಿಗೆ ಯಾರೂ ಖಜಾಂಚಿಯ ಮುಖ ನೋಡುವುದಿಲ್ಲ.

ಚರ್ಚೆಗೆ ಪ್ರಶ್ನೆಗಳು

• ನಮ್ಮ ಡಬ್ಬಿಗೆ ಹಾಕಿದ ಚಾರ್ಜರಿನ ಮೇಲೆ ಎಷ್ಟು ಆಂಪ್ ಎಂದು ಬರೆದಿದೆ? ಈಗಲೇ ಓದಿರಿ.
• ಡಬ್ಬಿ ಆರಿಸುವ ಸರಿಯಾದ ಕ್ರಮ ಸಂಘದಲ್ಲಿ ಎಷ್ಟು ಜನರಿಗೆ ಗೊತ್ತು? ಒಬ್ಬರಿಗೇ ಗೊತ್ತಿದ್ದರೆ ಸಾಕೇ?
• ಕಾರಣ ತಿಳಿಯದೆ ಹೊಸದು ಕೊಂಡ ವಸ್ತು ನಮ್ಮ ಮನೆಯಲ್ಲಿ ಯಾವುದಾದರೂ ಇದೆಯೇ?

ಮುಂದಿನ ಸಭೆಗೆ: ಇಬ್ಬರು ಸದಸ್ಯೆಯರು ಮೊದಲ ಪರೀಕ್ಷೆ ಮಾಡಿ ಫಲಿತಾಂಶ ಹೇಳಲಿ. ಅವರಲ್ಲಿ ಒಬ್ಬರು ಇದುವರೆಗೆ ರಿಮೋಟ್ ಮುಟ್ಟದವರಾಗಿರಲಿ.