ಟ್ರಯಥ್ಲಾನ್‌ನಲ್ಲಿ ಸ್ವಯಂಸೇವೆ: ಯಾವ ಕೆಲಸ ಕೇಳಿಕೊಳ್ಳಬೇಕು?

ಸ್ವಯಂಸೇವಕರ ಅರ್ಜಿಯಲ್ಲಿ ಹೆಸರು, ವಯಸ್ಸು, ರಕ್ತದ ಗುಂಪು ಆದಮೇಲೆ ಒಂದು ಕಾಲಂ ಇರುತ್ತದೆ: ನೀವು ಯಾವ ಕೆಲಸ ಮಾಡಲು ಇಚ್ಛಿಸುತ್ತೀರಿ? ನಮ್ಮ ವಿದ್ಯಾರ್ಥಿಗಳು ಅಲ್ಲಿ ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಬರೆಯುತ್ತಾರೆ. ಒಂದು, "ಯಾವುದಾದರೂ ಸರಿ". ಇನ್ನೊಂದು, "ಪದಕ ಹಾಕುವ ಕೆಲಸ". ಮೊದಲನೆಯದು ವಿನಯದ ಮಾತು, ಎರಡನೆಯದು ಫೋಟೋದ ಆಸೆ. ಯೋಚಿಸಿ ಆರಿಸಿದ್ದು ಎರಡರಲ್ಲೂ ಇಲ್ಲ. ಟ್ರಯಥ್ಲಾನ್‌ನಂಥ ದೀರ್ಘ ಸ್ಪರ್ಧೆಯಲ್ಲಿ ತಪ್ಪು ಜಾಗದಲ್ಲಿ ನಿಂತ ಸ್ವಯಂಸೇವಕನಿಂದ ಬೇರೆಯವರ ಒಂದು ವರ್ಷದ ತಯಾರಿ ಹಾಳಾಗಬಹುದು, ಕೆಲವೊಮ್ಮೆ ಜೀವಕ್ಕೇ ಅಪಾಯವಾಗಬಹುದು. ಆದ್ದರಿಂದ ಆ ಒಂದು ಕಾಲಂ ತುಂಬುವುದು ಹೇಗೆ ಎಂಬುದೇ ಈ ಸಲದ ಪಾಠ.

ಮೊದಲು ಸ್ಪರ್ಧೆಯ ಅಳತೆ ತಿಳಿಯಲಿ. ಟ್ರಯಥ್ಲಾನ್ ಎಂದರೆ ಈಜು, ಸೈಕಲ್, ಓಟ ಈ ಮೂರನ್ನೂ ನಡುವೆ ವಿಶ್ರಾಂತಿಯಿಲ್ಲದೆ ಒಂದರ ಹಿಂದೆ ಒಂದು ಮಾಡುವುದು. ನಮ್ಮ ದೇಶದಲ್ಲಿ ಹೆಸರಾದದ್ದು ಗೋವಾದ ಐರನ್‌ಮ್ಯಾನ್ 70.3. ಈ 70.3 ಮೈಲಿಗಳ ಲೆಕ್ಕ, ಕಿಲೋಮೀಟರಿನಲ್ಲಿ 113. ಅದರಲ್ಲಿ ಈಜು 1.9 ಕಿ.ಮೀ., ಅಂದರೆ 50 ಮೀಟರಿನ ಕೊಳದಲ್ಲಿ 38 ಸಲ ಈ ದಡದಿಂದ ಆ ದಡಕ್ಕೆ. ಸೈಕಲ್ 90 ಕಿ.ಮೀ.: ಕೋಲಾರದಿಂದ ಮುಳಬಾಗಿಲಿಗೆ ಹೋಗಿ, ವಾಪಸು ಬಂದು, ಇನ್ನೊಮ್ಮೆ ಮುಳಬಾಗಿಲಿಗೆ ಹೋದಷ್ಟು. ಅದಾದ ಮೇಲೆ 21.1 ಕಿ.ಮೀ. ಓಟ, ಹೆಚ್ಚುಕಡಿಮೆ ಕೋಲಾರದಿಂದ ಶ್ರೀನಿವಾಸಪುರದ ಹತ್ತಿರಕ್ಕೆ. ಇದೆಲ್ಲವನ್ನೂ ಎಂಟೂವರೆ ಗಂಟೆಯೊಳಗೆ ಮುಗಿಸಬೇಕು. ಪೂರ್ಣ ಐರನ್‌ಮ್ಯಾನ್ ಇದರ ಎರಡರಷ್ಟು.

ಗೋವಾದಲ್ಲಿ ಇದು ಮೊದಲು ನಡೆದದ್ದು 2019ರ ಅಕ್ಟೋಬರ್ 20ರಂದು, ಪಣಜಿಯ ಮಿರಾಮಾರ್ ಕಡಲತೀರದಲ್ಲಿ. ಕೋವಿಡ್ ಕಾರಣದಿಂದ ಎರಡು ವರ್ಷ ನಿಂತು, 2022ರ ನವೆಂಬರ್‌ನಲ್ಲಿ ಮತ್ತೆ ಶುರುವಾಯಿತು. ನಮ್ಮಿಂದ 600 ಕಿ.ಮೀ.ಗೂ ಹೆಚ್ಚು ದೂರ ನಿಜ. ಆದರೆ ಬೆಂಗಳೂರಿನಿಂದ ಅಲ್ಲಿಗೆ ಹೋಗುವ ಸ್ಪರ್ಧಾಳುಗಳು ಬಹಳ. ಭಾನುವಾರ ಬೆಳಿಗ್ಗೆ ನಂದಿ ಬೆಟ್ಟದ ಏರಿನಲ್ಲಿ ತೆಳ್ಳಗಿನ ಸೈಕಲ್‌ಗಳ ಮೇಲೆ ಬಾಗಿಕೊಂಡು ಹೋಗುವವರನ್ನು ನೀವು ನೋಡಿರಬಹುದು. ಅವರಲ್ಲಿ ಕೆಲವರ ಗುರಿ ಇಂಥ ಸ್ಪರ್ಧೆಗಳೇ.

ಸ್ವಯಂಸೇವಕರು ಏಕೆ ಬೇಕು ಎಂಬುದಕ್ಕೆ ಈ ಆಟದ ಹುಟ್ಟಿನಲ್ಲೇ ಉತ್ತರವಿದೆ. 1978ರ ಫೆಬ್ರವರಿ 18ರಂದು ಹವಾಯಿಯ ಓಆಹು ದ್ವೀಪದಲ್ಲಿ ಮೊದಲ ಐರನ್‌ಮ್ಯಾನ್ ನಡೆಯಿತು. ಜಾನ್ ಕಾಲಿನ್ಸ್ ಮತ್ತು ಜೂಡಿ ಕಾಲಿನ್ಸ್ ದಂಪತಿ ಅದರ ಆಯೋಜಕರು. ಹೊರಟವರು 15 ಮಂದಿ, ಮುಗಿಸಿದವರು 12. ಆಗ ಸ್ಪರ್ಧೆಯ ಕಡೆಯಿಂದ ನೀರಿನ ಮೇಜುಗಳಿರಲಿಲ್ಲ, ಪ್ರತಿಯೊಬ್ಬನೂ ತನ್ನ ಸಹಾಯಕರನ್ನು ತಾನೇ ಕರೆತರಬೇಕಿತ್ತು. ಜಾನ್ ಡನ್‌ಬಾರ್ ಎಂಬ ನೌಕಾಪಡೆಯ ಸೈನಿಕ ಓಟಕ್ಕೆ ಬಂದಾಗ ಎಲ್ಲರಿಗಿಂತ ಮುಂದಿದ್ದ. ಅಷ್ಟರಲ್ಲಿ ಅವನ ಸಹಾಯಕರ ಬಳಿ ನೀರು ಮುಗಿದುಹೋಯಿತು. ಅವರು ಕೈಗೆ ಸಿಕ್ಕ ಬಿಯರ್ ಕೊಟ್ಟರು! ಗೋರ್ಡನ್ ಹ್ಯಾಲರ್ ಅವನನ್ನು ದಾಟಿ 11 ಗಂಟೆ 46 ನಿಮಿಷ 58 ಸೆಕೆಂಡಿನಲ್ಲಿ ಗೆದ್ದ. ಡನ್‌ಬಾರ್ ಅರ್ಧ ಗಂಟೆಗೂ ಹೆಚ್ಚು ಹಿಂದೆ ಬಿದ್ದ. ಸಹಾಯಕರಿಗೆ ಪ್ರೀತಿಯ ಕೊರತೆ ಇರಲಿಲ್ಲ, ನೀರಿನ ಲೆಕ್ಕದ ಕೊರತೆ ಇತ್ತು. ಇಂದು ಹವಾಯಿಯ ಆ ಸ್ಪರ್ಧೆಗೆ ಸಾವಿರಾರು ಸ್ವಯಂಸೇವಕರು ನಿಲ್ಲುತ್ತಾರೆ.

ಈಗ ಕೆಲಸಗಳ ವಿಷಯ. ನೀರಿನೊಳಗಿನ ಕೆಲಸದ ಬಗ್ಗೆ ನನ್ನ ಮಾತು ಕಡ್ಡಾಯ: ಅದು ನಮಗೆ ಬೇಡ. ಅಮೆರಿಕದಲ್ಲಿ 2006ರಿಂದ 2008ರವರೆಗಿನ ಟ್ರಯಥ್ಲಾನ್‌ಗಳ ಸಾವುಗಳನ್ನು ವೈದ್ಯರು ಲೆಕ್ಕ ಹಾಕಿದಾಗ ಒಟ್ಟು 14ರಲ್ಲಿ 13 ಈಜಿನ ಹಂತದಲ್ಲೇ ಆಗಿದ್ದವು. ಸಮುದ್ರದಲ್ಲಿ ನೂರಾರು ತಲೆಗಳ ನಡುವೆ ಒಂದು ತಲೆ ಮುಳುಗಿದ್ದನ್ನು ಕ್ಷಣದಲ್ಲಿ ಗುರುತಿಸುವುದು ತರಬೇತಾದ ಜೀವರಕ್ಷಕರ ಮತ್ತು ಕಯಾಕ್ ನಡೆಸುವವರ ಕೆಲಸ. ಕೃಷಿ ಹೊಂಡದಲ್ಲೋ ಕಲ್ಲುಕ್ವಾರಿಯ ನೀರಿನಲ್ಲೋ ಈಜು ಕಲಿತವರು "ನನಗೆ ಈಜು ಬರುತ್ತದೆ" ಎಂದು ಅರ್ಜಿಯಲ್ಲಿ ಬರೆದುಬಿಡಬೇಡಿ. (ಕ್ವಾರಿಯಲ್ಲಿ ಈಜುವುದೇ ಬೇಡ ಎಂದು ಎಷ್ಟು ಸಲ ಹೇಳಿಲ್ಲ!) ದಡದಲ್ಲಿ ಮಾಡುವ ಕೆಲಸ ಬೇಕಾದಷ್ಟಿದೆ: ಸ್ಪರ್ಧಾಳುಗಳ ಚೀಲ ಜೋಡಿಸುವುದು, ನೀರಿನಿಂದ ಎದ್ದು ಬರುವವರಿಗೆ ದಾರಿ ತೋರಿಸುವುದು.

ಈಜಿನಿಂದ ಸೈಕಲ್ಲಿಗೆ, ಸೈಕಲ್ಲಿನಿಂದ ಓಟಕ್ಕೆ ಬದಲಾಗುವ ಅಂಗಳಕ್ಕೆ ಟ್ರಾನ್ಸಿಷನ್ ಎನ್ನುತ್ತಾರೆ. ಲಕ್ಷಾಂತರ ರೂಪಾಯಿಯ ಸೈಕಲ್‌ಗಳು ಸಾಲಾಗಿ ತೂಗುಹಾಕಿರುತ್ತವೆ. ಪ್ರತಿ ಸೈಕಲ್ಲಿಗೂ ಸ್ಪರ್ಧಾಳುವಿಗೂ ಒಂದೇ ಸಂಖ್ಯೆ. ಹೊರಗೆ ಹೋಗುವ ಸೈಕಲ್ ಸರಿಯಾದವನ ಕೈಯಲ್ಲೇ ಇದೆಯೇ ಎಂದು ನೋಡುವುದು ಇಲ್ಲಿನ ಮುಖ್ಯ ಕೆಲಸ. ಶಿಸ್ತು, ತಾಳ್ಮೆ, ಸಂಖ್ಯೆಗಳ ನೆನಪು ಇರುವವರಿಗೆ ಇದು ಹೇಳಿ ಮಾಡಿಸಿದ್ದು. ವಾಣಿಜ್ಯ ವಿಭಾಗದವರು ಗಮನಿಸಿ. ಆದರೆ ಸೂರ್ಯ ಹುಟ್ಟುವ ಮೊದಲೇ ಹಾಜರಿರಬೇಕು. ಬೆಳಗಿನ ನಮಾಜ್‌ಗೆ ಸಮಯ ಮತ್ತು ಜಾಗ ಬೇಕಾದವರು ಅದನ್ನು ತಂಡದ ಮುಖ್ಯಸ್ಥರಿಗೆ ಹಿಂದಿನ ದಿನವೇ ತಿಳಿಸಿದರೆ ಪಾಳಿ ಹೊಂದಿಸಿಕೊಡುವುದು ಕಷ್ಟವಲ್ಲ. ಆ ಹೊತ್ತಿನಲ್ಲಿ ಹೇಳದೆ ಜಾಗ ಬಿಟ್ಟು ಹೋದರೆ ಕಷ್ಟ.

ಸೈಕಲ್ ದಾರಿಯಲ್ಲಿ ಬಾಟಲಿ ಕೊಡುವುದು ನೋಡಲು ಸುಲಭ, ಮಾಡಲು ಅಲ್ಲ. ಗಂಟೆಗೆ 30 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 8.3 ಮೀಟರ್. ನಮ್ಮ ತರಗತಿ ಕೋಣೆಯ ಉದ್ದವನ್ನು ಸವಾರ ಒಂದು ಸೆಕೆಂಡಿನ ಆಸುಪಾಸಿನಲ್ಲಿ ದಾಟುತ್ತಾನೆ. ನೀವು ನಿಂತಲ್ಲೇ ಬಾಟಲಿಯನ್ನು ಗಟ್ಟಿಯಾಗಿ ಹಿಡಿದಿದ್ದರೆ ಅವನ ಕೈ ಜಗ್ಗಿ ಸೈಕಲ್ ಉರುಳುತ್ತದೆ. ಅದಕ್ಕೆ ಬಾಟಲಿಯ ಕುತ್ತಿಗೆಯನ್ನು ಎರಡು ಮೂರು ಬೆರಳಲ್ಲಿ ಸಡಿಲವಾಗಿ ಹಿಡಿದು, ತೋಳನ್ನು ಪೂರ್ತಿ ಚಾಚಿ, ಅವನು ಹತ್ತಿರ ಬಂದಂತೆ ಅದೇ ದಿಕ್ಕಿಗೆ ನಾಲ್ಕು ಹೆಜ್ಜೆ ಓಡಬೇಕು. ಸಾಪೇಕ್ಷ ವೇಗ ಕಡಿಮೆಯಾದಷ್ಟೂ ಜಗ್ಗು ಕಡಿಮೆ. ಭೌತಶಾಸ್ತ್ರದಲ್ಲಿ ಓದಿದ್ದು ಕೈಗೆ ತಿಳಿಯುವುದು ಇಲ್ಲಿ. ಕೈಯಲ್ಲಿರುವುದು ನೀರೋ, ಲವಣದ ಪಾನೀಯವೋ ಎಂದು ದೂರದಿಂದಲೇ ಗಟ್ಟಿಯಾಗಿ ಕೂಗಬೇಕು. ಕಣ್ಣು ಸವಾರನ ಕಣ್ಣಿನ ಮೇಲಿರಬೇಕು, ಮೊಬೈಲಿನ ಮೇಲಲ್ಲ. ಖಾಲಿ ಬಾಟಲಿ ಎಸೆಯಲು ನಿಗದಿಯಾದ ಜಾಗವಿರುತ್ತದೆ. ಅಲ್ಲಿ ರಸ್ತೆಗೆ ಉರುಳಿದ ಬಾಟಲಿಯನ್ನು ಎತ್ತಲು ನುಗ್ಗುವ ಮೊದಲು ಹಿಂದೆ ಯಾರು ಬರುತ್ತಿದ್ದಾರೆ ನೋಡಿ. ಹೆದರುವ ಸ್ವಭಾವದವರು, ಅಥವಾ ತೀರಾ ಉತ್ಸಾಹದಲ್ಲಿ ರಸ್ತೆಗೆ ಇಳಿದುಬಿಡುವವರು ಈ ಕೆಲಸ ಕೇಳಬಾರದು. ಕಬಡ್ಡಿ, ಖೋಖೋ ಆಡುವ ಹುಡುಗ ಹುಡುಗಿಯರಿಗೆ ಒಳ್ಳೆಯದು.

ಯಾರೂ ಕೇಳದ, ಆದರೆ ಎಲ್ಲಕ್ಕಿಂತ ಹೆಚ್ಚು ಬೇಕಾದ ಕೆಲಸವೆಂದರೆ ರಸ್ತೆಯ ತಿರುವಿನಲ್ಲಿ ನಿಲ್ಲುವುದು. ಅಲ್ಲಿ ಚಪ್ಪಾಳೆಯಿಲ್ಲ, ನೆರಳೂ ಇಲ್ಲದಿರಬಹುದು. ಒಂದು ಬಾವುಟ, ಒಂದು ಸೀಟಿ, ನಾಲ್ಕೈದು ಗಂಟೆ. ಸ್ಪರ್ಧಾಳು ಬಂದರೆ ಎಡಕ್ಕೋ ಬಲಕ್ಕೋ ಸ್ಪಷ್ಟವಾಗಿ ಕೈ ತೋರಬೇಕು. ಸುಸ್ತಾದವನ ತಲೆ ಬೋರ್ಡನ್ನು ಓದುವುದಿಲ್ಲ, ಕೈ ಎತ್ತ ತೋರಿತೋ ಅತ್ತ ಹೋಗುತ್ತದೆ. ನಡುವೆ ಅಂಗಡಿಯವನು ಬಂದು ರಸ್ತೆ ಏಕೆ ಮುಚ್ಚಿದ್ದೀರಿ ಎಂದು ಜಗಳ ತೆಗೆಯುತ್ತಾನೆ, ಹಾಲಿನವನು ದಾಟಬೇಕೆನ್ನುತ್ತಾನೆ, ಒಂದು ಹಸು ನಡುರಸ್ತೆಯಲ್ಲಿ ನಿಲ್ಲುತ್ತದೆ, ಆಂಬ್ಯುಲೆನ್ಸ್ ಬಂದರೆ ಸ್ಪರ್ಧಾಳುವನ್ನು ನಿಲ್ಲಿಸಿ ಅದನ್ನು ಬಿಡಬೇಕು. ಈ ಮಾತುಕತೆಗೆ ಬೇಕಾದ ಜಾಣ್ಮೆ ನಮ್ಮ ಕಡೆಯವರಿಗೆ ಇದೆ ಎಂದು ನಾನು ನಂಬಿದ್ದೇನೆ. ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿ ಬೆಳಿಗ್ಗೆ ಲಾರಿಗಳ ನಡುವೆ ದಾರಿ ಬಿಡಿಸಿಕೊಂಡು ಕಾಲೇಜಿಗೆ ಬರುವವರು ನೀವು.

ಇದೇ ಮಾತು ನೋಂದಣಿ ಮತ್ತು ಮಾಹಿತಿ ಮೇಜಿಗೂ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಮಕ್ಕಳಲ್ಲಿ ಬಹುಪಾಲು ಮನೆಯಲ್ಲಿ ಉರ್ದು ಅಥವಾ ತೆಲುಗು, ಬೀದಿಯಲ್ಲಿ ಕನ್ನಡ, ತರಗತಿಯಲ್ಲಿ ಇಂಗ್ಲಿಷ್ ಎನ್ನುವವರು. ತಮಿಳು ಅರ್ಥವಾಗುವವರೂ ಇದ್ದಾರೆ. ನಮಗಿದು ಮಾಮೂಲಿ ಸಂಗತಿ, ಅದರ ಬೆಲೆ ನಮಗೇ ತಿಳಿದಿಲ್ಲ. ಹೈದರಾಬಾದ್, ಚೆನ್ನೈ, ಮುಂಬೈ, ಬೆಂಗಳೂರಿನವರೆಲ್ಲ ಒಂದೇ ಸಾಲಿನಲ್ಲಿ ಗಾಬರಿಯಿಂದ ನಿಂತಿರುವಾಗ, ಅವರವರ ಭಾಷೆಯಲ್ಲಿ "ನಿಮ್ಮ ಚೀಲ ಅಲ್ಲಿದೆ, ಗಡಿಬಿಡಿ ಬೇಡ" ಎನ್ನುವ ಒಬ್ಬ ಹುಡುಗಿ ಮೇಜಿನ ಹಿಂದೆ ಇದ್ದರೆ ಅರ್ಧ ಗಾಬರಿ ಇಳಿಯುತ್ತದೆ. ಅರ್ಜಿಯಲ್ಲಿ ಬರುವ ಭಾಷೆಗಳನ್ನೆಲ್ಲ ಬರೆಯಿರಿ. ಮಾತನಾಡಲು ಮಾತ್ರ ಬರುತ್ತದೆ, ಓದಲು ಬಾರದು ಎಂದಾದರೆ ಹಾಗೆಯೇ ಬರೆಯಿರಿ.

ಮೊದಲ ಸಲ ಹೋಗುವವರಿಗೆ ನನ್ನ ಸಲಹೆ ಓಟದ ದಾರಿಯ ನೀರಿನ ಮೇಜು. ಉರುಸಿನಲ್ಲೋ ಜಾತ್ರೆಯಲ್ಲೋ ಮಜ್ಜಿಗೆ, ಪಾನಕ, ಶರಬತ್ತು ಹಂಚಿದವರಿಗೆ ಇದರ ಅರ್ಧ ಪಾಠ ಬಂದಂತೆಯೇ. ಉಳಿದರ್ಧ ಇಷ್ಟು: ಲೋಟ ಅರ್ಧ ಮಾತ್ರ ತುಂಬಿ, ಅಂಗೈ ಮೇಲಿಟ್ಟು ಚಾಚಿ, ಮೇಜಿನ ಮೊದಲಲ್ಲಿ ನೀರು ಕೊಟ್ಟರೆ ಕೊನೆಯಲ್ಲೂ ನೀರು ಕೊಡಿ. ಅತಿ ಮುಖ್ಯವಾಗಿ, ಕೊನೆಯವರಿಗೂ ಉಳಿಸಿ. ಮುಂದಿನವರು ಐದು ಗಂಟೆಯೊಳಗೆ ಸ್ಪರ್ಧೆ ಮುಗಿಸಿ ಹೋಗಿರುತ್ತಾರೆ. ಎಂಟು ಗಂಟೆ ದಾಟಿದ ಮೇಲೆ ಬಿಸಿಲಲ್ಲಿ ಕಾಲೆಳೆಯುತ್ತ ಬರುವವರಿಗೆ ಐಸ್ ಹೆಚ್ಚು ಬೇಕು. ಡನ್‌ಬಾರ್ ಕಥೆ ಅಲ್ಲಿ ನೆನಪಿರಲಿ.

ಆದರೆ ನೀರನ್ನು ಒತ್ತಾಯಿಸಿ ಕುಡಿಸುವಂತಿಲ್ಲ. ಇದು ನಮ್ಮ ಅತಿಥಿ ಸತ್ಕಾರದ ಅಭ್ಯಾಸಕ್ಕೆ ವಿರುದ್ಧ, ಆದರೂ ಕಲಿಯಬೇಕು. ಅಳತೆ ಮೀರಿ ನೀರು ಕುಡಿದರೆ ರಕ್ತದಲ್ಲಿ ಸೋಡಿಯಂ ತೆಳುವಾಗುತ್ತದೆ, ಆಸ್ಮಾಸಿಸ್‌ನಿಂದ ನೀರು ಮೆದುಳಿನ ಕೋಶಗಳೊಳಗೆ ಸೇರಿ ಅವು ಊದಿಕೊಳ್ಳುತ್ತವೆ. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ ರಕ್ತ ಪರೀಕ್ಷೆಗೆ ಒಳಗಾದ 488 ಓಟಗಾರರಲ್ಲಿ ಶೇಕಡ 13 ಮಂದಿಗೆ ಸೋಡಿಯಂ ಕಡಿಮೆಯಾಗಿತ್ತು. ತಲೆನೋವು, ವಾಂತಿ, ತೊದಲು ಮಾತು ಇದರ ಲಕ್ಷಣ. ಬಿಸಿಲಿನ ಆಘಾತದಲ್ಲೂ ಇವೇ ಕಾಣಬಹುದು, ಬೆವರುತ್ತಿದ್ದರೂ ಮೈ ಸುಡುತ್ತಿರಬಹುದು. ಎರಡನ್ನೂ ಬೇರ್ಪಡಿಸುವುದು ವೈದ್ಯರ ಕೆಲಸ. ನಿಮ್ಮ ಕೆಲಸ ತಡಮಾಡದೆ ವೈದ್ಯಕೀಯ ತಂಡವನ್ನು ಕರೆಯುವುದು, ನೆರಳಿಗೆ ತರುವುದು, ಮೈ ಸುಡುತ್ತಿದ್ದರೆ ತಣ್ಣೀರು, ಐಸ್‌ನಿಂದ ತಂಪು ಮಾಡುವುದು. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ಏನನ್ನೂ ಹಾಕಬಾರದು. ತಂಡ ಹತ್ತಿರವಿಲ್ಲದಿದ್ದರೆ 108.

ಇನ್ನು ಎಲ್ಲರಿಗೂ ಬೇಕಾದ ಆ ಕೊನೆಯ ಗೆರೆ. ಪದಕ ಹಾಕುವವರಿಗಿಂತ ಒಂದು ಹೆಜ್ಜೆ ಮುಂದೆ ನಿಂತಿರುವವರು ಮುಖ್ಯ: ಗೆರೆ ದಾಟಿ ಕುಸಿಯುವವರನ್ನು ಹಿಡಿಯುವವರು. ತೋಳಲ್ಲಿ ಬಲವಿರಬೇಕು, ಮುಖ ನೋಡಿ ಯಾರು ಬೀಳುತ್ತಾರೆಂದು ಅಳೆಯುವ ಕಣ್ಣಿರಬೇಕು. ಗೆರೆಯ ಮುಂಚೆ ಮಾತ್ರ ಕೈ ಕಟ್ಟಿ ನಿಲ್ಲಬೇಕು. 1982ರಲ್ಲಿ ಹವಾಯಿಯಲ್ಲಿ ಮುಂದಿದ್ದ ಜೂಲಿ ಮಾಸ್ ಎಂಬ ವಿದ್ಯಾರ್ಥಿನಿ ಗೆರೆಯ ಹತ್ತಿರ ಮತ್ತೆ ಮತ್ತೆ ಬಿದ್ದಳು, ಕ್ಯಾಥ್ಲೀನ್ ಮೆಕಾರ್ಟ್ನಿ ಅವಳನ್ನು ದಾಟಿ ಗೆದ್ದಳು, ಜೂಲಿ ತೆವಳಿಕೊಂಡೇ ಎರಡನೆಯವಳಾಗಿ ಮುಗಿಸಿದಳು. ಅಂಥವರನ್ನು ಕರುಣೆಯಿಂದ ಎತ್ತಿ ಮುಂದೆ ಸಾಗಿಸಿದರೆ ನಿಯಮದ ಪ್ರಕಾರ ಅವರು ಅನರ್ಹರಾಗಬಹುದು. ಜೀವಕ್ಕೆ ಅಪಾಯ ಕಂಡರೆ ಆ ಪ್ರಶ್ನೆ ಏಳುವುದಿಲ್ಲ, ಸಹಾಯವೇ ಮೊದಲು. ಬರೀ ಸುಸ್ತು ಯಾವುದು, ಅಪಾಯ ಯಾವುದು ಎಂದು ನಿಮಗೆ ಖಚಿತವಿಲ್ಲದಿದ್ದರೆ ಪಕ್ಕದ ವೈದ್ಯರನ್ನು ಕೂಗಿ. ಈ ಕೆಲಸ ಹದಿನಾರು ಹದಿನೇಳರವರಿಗಲ್ಲ, ಇನ್ನೆರಡು ವರ್ಷ ಕಾಯಿರಿ.

ಅರ್ಜಿ ತುಂಬುವ ಮೊದಲು ವಯಸ್ಸಿನ ಮಿತಿಯನ್ನು ಆಯೋಜಕರ ಬಳಿ ಕೇಳಿ, 18 ತುಂಬದವರು ಪೋಷಕರ ಒಪ್ಪಿಗೆ ಪಡೆಯಿರಿ, ಪಾಳಿ ಎಷ್ಟು ಗಂಟೆಗೆ ಮುಗಿಯುತ್ತದೆ ಮತ್ತು ಹಿಂತಿರುಗುವ ವಾಹನ ಯಾವುದು ಎಂದು ಹೆಣ್ಣುಮಕ್ಕಳು ಮಾತ್ರವಲ್ಲ, ಎಲ್ಲರೂ ತಿಳಿದುಕೊಳ್ಳಿ. ಗೋವಾ ದೂರವಾದವರಿಗೆ ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ವರ್ಲ್ಡ್ 10ಕೆ ಓಟದಂಥವು ಇವೆ. ನೀರಿನ ಮೇಜು ಅಲ್ಲೂ ಅದೇ, ತಿರುವಿನ ಬಾವುಟವೂ ಅದೇ.

ಆಸಕ್ತರು ಶನಿವಾರ ತರಗತಿ ಮುಗಿದ ಮೇಲೆ ಮೈದಾನಕ್ಕೆ ಬನ್ನಿ. ಖಾಲಿ ನೀರಿನ ಬಾಟಲಿ ಒಂದು, ಸೈಕಲ್ ಇದ್ದವರು ಸೈಕಲ್ ತನ್ನಿ. ಮೊದಲು ನಿಧಾನವಾಗಿ ಬರುವ ಸವಾರನಿಗೆ, ಆಮೇಲೆ ಸ್ವಲ್ಪ ವೇಗದವನಿಗೆ ಬಾಟಲಿ ದಾಟಿಸುವುದನ್ನು ಅಭ್ಯಾಸ ಮಾಡೋಣ. ಹತ್ತರಲ್ಲಿ ಎಂಟು ಸಲ ಬೀಳಿಸದೆ ಕೊಟ್ಟವರು ಆ ಕಾಲಂನಲ್ಲಿ "ಸೈಕಲ್ ದಾರಿ" ಎಂದು ಬರೆಯಬಹುದು.