ದೂರದ ದಾರಿ ಬೇಗ ಮುಟ್ಟಿಸುವುದುಂಟೆ?

2016ನೆಯ ಅಕ್ಟೋಬರ್ 16ರ ನಸುಕಿನಲ್ಲಿ ದೆಹಲಿಯಿಂದ ಹೊರಟ ಏರ್ ಇಂಡಿಯಾ ವಿಮಾನವೊಂದು ನಡುವೆ ಎಲ್ಲಿಯೂ ಇಳಿಯದೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರವನ್ನು ಸೇರಿತು. ಅದುವರೆಗೆ ಈ ಪ್ರಯಾಣ ಪಶ್ಚಿಮಾಭಿಮುಖವಾಗಿ, ಅಟ್ಲಾಂಟಿಕ್ ಸಾಗರದ ಮೇಲೆ ನಡೆಯುತ್ತಿದ್ದಿತು. ಈ ಸಲ ವಿಮಾನವು ಪೂರ್ವಕ್ಕೆ ತಿರುಗಿ ಪೆಸಿಫಿಕ್ ಸಾಗರವನ್ನು ದಾಟಿತು. ದಾರಿ ಸುಮಾರು 1,400 ಕಿಲೋಮೀಟರು ಹೆಚ್ಚಾಯಿತು. ಆದರೂ ಹಿಡಿದ ಕಾಲ ಸುಮಾರು ಎರಡು ಗಂಟೆ ಕಡಿಮೆಯಾಯಿತು. ಇದು ಹೇಗೆ ಸಾಧ್ಯವೆಂಬುದನ್ನು ವಿಚಾರಿಸೋಣ.

ಮೊದಲು ದೂರ. ಭೂಗೋಳದ ಮಾದರಿಯೊಂದನ್ನು ತೆಗೆದುಕೊಂಡು ಈ ಎರಡು ನಗರಗಳ ನಡುವೆ ದಾರವೊಂದನ್ನು ಬಿಗಿಯಾಗಿ ಹಿಡಿಯೋಣ. ದಾರವು ಪೂರ್ವಕ್ಕೂ ಹೋಗದೆ ಪಶ್ಚಿಮಕ್ಕೂ ಹೋಗದೆ ಉತ್ತರಧ್ರುವದ ಸಮೀಪಕ್ಕೆ ಏರಿ ಆಚೆಗೆ ಇಳಿಯುವುದನ್ನು ಕಾಣುತ್ತೇವೆ. ಇದೇ ಮಹಾವೃತ್ತದ ದಾರಿ. ಗೋಳದ ಮೇಲೆ ಇದಕ್ಕಿಂತ ಹತ್ತಿರದ ದಾರಿಯಿಲ್ಲ. ಇದರ ಉದ್ದ 12,300 ಕಿಲೋಮೀಟರಿಗೆ ತುಸು ಮೇಲೆ. ಆದರೆ ಈ ದಾರಿ ಹಿಮಾಲಯವನ್ನೂ ಟಿಬೆಟ್ ಪ್ರಸ್ಥಭೂಮಿಯನ್ನೂ ಹಾಯುತ್ತದೆ. ವಿಮಾನದೊಳಗಿನ ವಾಯುಒತ್ತಡ ಆಕಸ್ಮಿಕವಾಗಿ ಕುಸಿದರೆ, ಪ್ರಯಾಣಿಕರು ಉಸಿರಾಡುವಂತಾಗಲು ವಿಮಾನವು ಸುಮಾರು 3,000 ಮೀಟರ್ ಎತ್ತರಕ್ಕೆ ಇಳಿಯಬೇಕು. ಟಿಬೆಟ್ಟಿನ ನೆಲವೇ ಸರಾಸರಿ 4,500 ಮೀಟರ್ ಎತ್ತರದಲ್ಲಿದೆ! ಆದುದರಿಂದ ಅತಿ ಹತ್ತಿರದ ದಾರಿಯನ್ನು ಬಿಡಬೇಕಾಗುತ್ತದೆ.

ಇನ್ನು ಕಾಲ. ಉಷ್ಣವಲಯಕ್ಕೂ ಧ್ರುವಪ್ರದೇಶಕ್ಕೂ ಇರುವ ತಾಪದ ಅಂತರದಿಂದ ಗಾಳಿ ಚಲಿಸತೊಡಗುತ್ತದೆ. ಭೂಮಿಯ ಆವರ್ತನೆಯು ಅದನ್ನು ಪೂರ್ವಕ್ಕೆ ತಿರುಗಿಸುತ್ತದೆ. ಹೀಗೆ ಸುಮಾರು 10 ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯಂತೆ ಹರಿಯುವ ಗಾಳಿಗೆ ಜೆಟ್ ಪ್ರವಾಹವೆಂದು ಹೆಸರು. ಜಪಾನಿನ ಹವಾಮಾನ ವಿಜ್ಞಾನಿ ವಸಬುರೊ ಓಯಿಶಿ 1920ರ ದಶಕದಲ್ಲಿ ಬಲೂನುಗಳನ್ನು ಹಾರಿಸಿ ಈ ಗಾಳಿಯನ್ನು ಅಳೆದನು. ವರದಿಯನ್ನು ಎಸ್ಪೆರಾಂಟೋ ಭಾಷೆಯಲ್ಲಿ ಪ್ರಕಟಿಸಿದುದರಿಂದ ಹೊರಜಗತ್ತು ಅದನ್ನು ಅಷ್ಟಾಗಿ ಗಮನಿಸಲಿಲ್ಲ. 1944ರ ಕೊನೆಯಲ್ಲಿ ಜಪಾನಿನ ಮೇಲೆ ಹಾರಿದ ಅಮೆರಿಕದ ಯುದ್ಧವಿಮಾನಗಳು ಈ ಪ್ರಚಂಡ ಗಾಳಿಗೆ ಸಿಕ್ಕಿ ತತ್ತರಿಸಿದುವು.

ಈಗ ಲೆಕ್ಕ ಮಾಡೋಣ. ನಿಶ್ಚಲವಾದ ಗಾಳಿಯಲ್ಲಿ ವಿಮಾನದ ವೇಗ ಗಂಟೆಗೆ 900 ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. ಪೆಸಿಫಿಕ್ ದಾರಿಯ ಸುಮಾರು 15,300 ಕಿಲೋಮೀಟರನ್ನು ಕ್ರಮಿಸಲು ಆಗ 17 ಗಂಟೆ ಬೇಕು. ಆದರೆ ವಿಮಾನವು ಹದಿನಾಲ್ಕೂವರೆ ಗಂಟೆಯಲ್ಲಿ ತಲುಪಿತು. ಎಂದರೆ ನೆಲದ ಲೆಕ್ಕದಲ್ಲಿ ಗಂಟೆಗೆ ಸರಾಸರಿ 1,055 ಕಿಲೋಮೀಟರ್. ಹೆಚ್ಚಿನ 155 ಕಿಲೋಮೀಟರ್ ಹಿಂಗಾಳಿಯ ಕೊಡುಗೆ. ಅಟ್ಲಾಂಟಿಕ್ ದಾರಿಯಲ್ಲಿ ಇದೇ ಗಾಳಿ ಇದಿರಾಗುತ್ತದೆ. ಅದು ವೇಗವನ್ನು ಗಂಟೆಗೆ 50 ಕಿಲೋಮೀಟರಿನಷ್ಟು ತಗ್ಗಿಸಿದರೂ ಸಾಕು, 13,900 ಕಿಲೋಮೀಟರಿಗೆ 16 ಗಂಟೆಗಳಿಗೂ ಮಿಕ್ಕಿ ಹಿಡಿಯುತ್ತದೆ. ಎರಡು ಗಂಟೆ ಉಳಿದರೆ ಅಷ್ಟು ಹೊತ್ತಿನ ಇಂಧನವೂ ಉಳಿಯಿತು.

ಮತ್ತೊಂದು ಕೌತುಕ: ಆ ದಿನಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗಡಿಯಾರ ದೆಹಲಿಯದಕ್ಕಿಂತ ಹನ್ನೆರಡೂವರೆ ಗಂಟೆ ಹಿಂದಿರುತ್ತದೆ. ಆದಕಾರಣ ನಸುಕಿನಲ್ಲಿ ಹೊರಟವರು ಅದೇ ತಾರೀಖಿನ ಬೆಳಗ್ಗೆ, ಗಡಿಯಾರದ ಪ್ರಕಾರ ಎರಡೇ ಗಂಟೆಗಳ ತರುವಾಯ, ಇಳಿದರು!

ಹಿಂದಿರುಗುವ ವಿಮಾನಕ್ಕೆ ಯಾವ ಸಾಗರದ ದಾರಿ ಅನುಕೂಲ? ಗಾಳಿಯ ದಿಕ್ಕನ್ನು ನೆನೆದು ಓದುಗರೇ ಉತ್ತರ ಹೇಳಬಲ್ಲರು.