ಕೊಲೆಗಾರನ ಮನಸ್ಸು ಮೊದಲೋ, ಸತ್ತವರ ಹೆಸರು ಮೊದಲೋ?

ಪ್ರಶ್ನೆ: ಈಚೆಗೆ ಒಂದು ಕ್ರೈಂ ಥ್ರಿಲ್ಲರ್ ಕಾದಂಬರಿ ಓದಿದೆ. ಅದರಲ್ಲಿ ಮನಶ್ಶಾಸ್ತ್ರಜ್ಞನೊಬ್ಬ ಶವ ಬಿದ್ದ ಜಾಗ ನೋಡಿಯೇ ಕೊಲೆಗಾರನ ವಯಸ್ಸು, ಕಸುಬು, ಬಾಲ್ಯ ಎಲ್ಲವನ್ನೂ ಹೇಳಿಬಿಡುತ್ತಾನೆ. ಪೊಲೀಸರು ಅದನ್ನೇ ಹಿಡಿದು ಹೊರಟು ಅಪರಾಧಿಯನ್ನು ತರುತ್ತಾರೆ. ಇದು ನಿಜವಾಗಿಯೂ ಸಾಧ್ಯವೇ? 2022ರಲ್ಲಿ ನಮ್ಮೂರಿನ ನಾಲೆಯಲ್ಲಿ ಹೆಂಗಸಿನ ಅರ್ಧ ದೇಹ ಸಿಕ್ಕಿತ್ತಲ್ಲ, ಅದನ್ನೂ ಪೊಲೀಸರು ಹೀಗೆಯೇ ಪತ್ತೆ ಮಾಡಿದರೇ?
– ಓದುಗರು, ಅರಕೆರೆ, ಶ್ರೀರಂಗಪಟ್ಟಣ ತಾಲ್ಲೂಕು

ಉತ್ತರ: ನಿಮ್ಮೂರಿನ ಪ್ರಕರಣದಿಂದಲೇ ಶುರು ಮಾಡುತ್ತೇನೆ. ನೀವು ಓದಿದ ಕಾದಂಬರಿಗೂ ನಿಜವಾದ ತನಿಖೆಗೂ ಇರುವ ಅಂತರ ಅದರಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

2022ರ ಜೂನ್ ತಿಂಗಳ ಮೊದಲ ಭಾಗ. ಪಾಂಡವಪುರ ತಾಲ್ಲೂಕಿನ ಬೇಬಿ ಗ್ರಾಮದ ಕೆರೆಯ ಕಡೆ ನಾಲೆಯಲ್ಲಿ ಒಂದು, ನಿಮ್ಮ ಅರಕೆರೆಯ ಕಡೆ ನಾಲೆಯಲ್ಲಿ ಇನ್ನೊಂದು. ಎರಡೂ ಹೆಂಗಸರ ದೇಹಗಳು, ಎರಡೂ ಸೊಂಟದಿಂದ ಕೆಳಗಿನ ಭಾಗ ಮಾತ್ರ, ಎರಡರಲ್ಲೂ ಕಾಲುಗಳನ್ನು ಜೋಡಿಸಿ ಕಟ್ಟಲಾಗಿತ್ತು. ಮುಖವಿಲ್ಲ. ಕೈಗಳಿಲ್ಲ, ಹಾಗಾಗಿ ಬೆರಳಚ್ಚೂ ಇಲ್ಲ. ಕುತ್ತಿಗೆಯ ತಾಳಿ, ಕಿವಿಯ ಓಲೆ, ತೋಳಿನ ಹಚ್ಚೆ, ಹೀಗೆ ಮನೆಯವರು ನೋಡಿದ ತಕ್ಷಣ ಗುರುತು ಹಿಡಿಯುವ ಯಾವುದೂ ಇಲ್ಲ. ಇಂಥ ದೇಹ ಶವಾಗಾರಕ್ಕೆ ಬಂದಾಗ ವೈದ್ಯರು ಹೇಳಬಲ್ಲದ್ದು ಬಹಳ ಕಡಿಮೆ. ಕಟಿಯ ಎಲುಬಿನಿಂದ ಹೆಣ್ಣೆಂದೂ ವಯಸ್ಸು ಸುಮಾರು ಎಷ್ಟೆಂದೂ ಹೇಳಬಹುದು. ತೊಡೆಯ ಎಲುಬಿನ ಉದ್ದದಿಂದ ಎತ್ತರ ಅಂದಾಜು ಮಾಡಬಹುದು. ಡಿಎನ್ಎ ತೆಗೆಯಬಹುದು. ಆದರೆ ಡಿಎನ್ಎ ತನ್ನಷ್ಟಕ್ಕೆ ಯಾರ ಹೆಸರನ್ನೂ ಹೇಳುವುದಿಲ್ಲ. ಹೋಲಿಸಿ ನೋಡಲು ತಾಯಿಯದೋ ಮಗುವಿನದೋ ರಕ್ತ ಬೇಕು. ಆ ತಾಯಿ ಯಾರು, ಮಗು ಯಾರು ಎಂದು ಗೊತ್ತಾಗಬೇಕಾದರೆ ಯಾರೋ ಎಲ್ಲೋ ಒಂದು ಠಾಣೆಗೆ ಹೋಗಿ ‘ನಮ್ಮನೆಯವಳು ಕಾಣುತ್ತಿಲ್ಲ’ ಎಂದು ಬರೆಸಿರಬೇಕು.

ಕಾದಂಬರಿಯ ಪರಿಣತನನ್ನು ಆ ನಾಲೆಯ ಏರಿಯ ಮೇಲೆ ತಂದು ನಿಲ್ಲಿಸಿ ನೋಡೋಣ. ಬಹುಶಃ ಆತ ಹೀಗೆ ಹೇಳುತ್ತಿದ್ದ: ಒಬ್ಬನೇ ಗಂಡಸು, ಹೆಂಗಸರ ಮೇಲೆ ಆಳವಾದ ದ್ವೇಷ, ಲೈಂಗಿಕ ವಿಕೃತಿ, ಮಾಂಸ ಕಡಿಯುವ ಅಭ್ಯಾಸ ಉಳ್ಳವನು. ಕೇಳುವುದಕ್ಕೆ ಸರಿಯಾಗಿಯೇ ಇದೆ. ಆ ದಿನಗಳಲ್ಲಿ ಮಂಡ್ಯ ಜಿಲ್ಲೆಯ ಹೋಟೆಲು, ಬಸ್‌ಸ್ಟ್ಯಾಂಡುಗಳಲ್ಲಿ ಜನ ಆಡಿಕೊಳ್ಳುತ್ತಿದ್ದುದೂ ಹೆಚ್ಚು ಕಡಿಮೆ ಇದೇ. ಆದರೆ ಆಗಸ್ಟ್ ಮೊದಲ ವಾರದಲ್ಲಿ ಪೊಲೀಸರು ಬಂಧಿಸಿದ್ದು ಒಬ್ಬ ಗಂಡಸು, ಒಬ್ಬ ಹೆಂಗಸು, ಇಬ್ಬರನ್ನು. ಪೊಲೀಸರ ಪ್ರಕಾರ ಕೊಲೆಗಳ ಕಾರಣ ಸೇಡು: ತನ್ನನ್ನು ವೇಶ್ಯಾವಾಟಿಕೆಗೆ ನೂಕಿದವರು ಎಂದು ಆ ಹೆಂಗಸು ಭಾವಿಸಿದ್ದವರನ್ನು ಒಬ್ಬೊಬ್ಬರಾಗಿ ಮುಗಿಸುವುದು. ಈ ಎರಡು ಕೊಲೆಗಳು ಮೈಸೂರಿನ ಬಾಡಿಗೆ ಮನೆಯಲ್ಲಿ ನಡೆದವು, ಅದಕ್ಕೂ ಮೊದಲು ಬೆಂಗಳೂರಿನಲ್ಲಿ ಒಂದು ಕೊಲೆ ಆಗಿತ್ತು, ಇನ್ನೂ ಐವರು ಪಟ್ಟಿಯಲ್ಲಿದ್ದರು ಎಂದು ತನಿಖಾಧಿಕಾರಿಗಳು ತಿಳಿಸಿದರು. ಇದು ಪೊಲೀಸರ ಹೇಳಿಕೆ. ಆರೋಪಿಗಳು ಅಪರಾಧಿಗಳೋ ಅಲ್ಲವೋ ಎಂದು ಹೇಳಬೇಕಾದದ್ದು ನ್ಯಾಯಾಲಯ, ಹಾಗಾಗಿ ಇಲ್ಲಿ ಅವರ ಹೆಸರು ಬರೆಯುತ್ತಿಲ್ಲ.

ಹಾಗಾದರೆ ದಾರಿ ತೆರೆದದ್ದು ಎಲ್ಲಿಂದ? ನಾಪತ್ತೆ ಕಡತಗಳಿಂದ. ಒಂಬತ್ತು ತಂಡಗಳನ್ನು ಮಾಡಿಕೊಂಡು ಪೊಲೀಸರು ಕರ್ನಾಟಕ ಮತ್ತು ಅಕ್ಕಪಕ್ಕದ ರಾಜ್ಯಗಳ ಸಾವಿರಕ್ಕೂ ಹೆಚ್ಚು ಕಾಣೆಯಾದ ಹೆಂಗಸರ ದೂರುಗಳನ್ನು ಒಂದೊಂದಾಗಿ ತಿರುವಿದರು. ಕರಪತ್ರ ಹಂಚಿದರು. ಕೊನೆಗೆ ಚಾಮರಾಜನಗರ ಜಿಲ್ಲೆಯಲ್ಲಿ ಮನೆಯವರು ಕೊಟ್ಟಿದ್ದ ಒಂದು ದೂರು ತಾಳೆಯಾಯಿತು. ಸತ್ತವಳ ಹೆಸರು ಸಿಕ್ಕಿತು. ಹೆಸರು ಸಿಕ್ಕ ಮೇಲೆ ಫೋನ್ ನಂಬರ್, ನಂಬರಿನಿಂದ ಕರೆಗಳ ವಿವರ, ಆ ಕರೆಗಳಿಂದ ಆರೋಪಿಗಳು. ಎರಡು ತಿಂಗಳ ಶ್ರಮದಲ್ಲಿ ಅತಿ ಕಷ್ಟದ ಭಾಗ ಕೊಲೆಗಾರನ ಮನಸ್ಸನ್ನು ಓದುವುದಾಗಿರಲಿಲ್ಲ. ಸತ್ತವಳು ಯಾರ ಮಗಳು ಎಂದು ತಿಳಿಯುವುದಾಗಿತ್ತು.

ಇಷ್ಟು ಹೇಳಿದ ಮಾತ್ರಕ್ಕೆ ಪ್ರೊಫೈಲಿಂಗ್, ಅಂದರೆ ಕೃತ್ಯದ ರೀತಿ ನೋಡಿ ಅಪರಾಧಿ ಎಂಥವನೆಂದು ಊಹಿಸುವ ವಿದ್ಯೆ, ಬರೀ ಕಟ್ಟುಕತೆ ಎಂದು ನನ್ನ ಅಭಿಪ್ರಾಯವಲ್ಲ. ಅದರ ಒಂದು ಅಂಗ ನಿಮ್ಮ ಜಿಲ್ಲೆಯಲ್ಲಿ ಮೊದಲ ದಿನವೇ ಕೆಲಸ ಮಾಡಿತ್ತು. ಬೇರೆ ಬೇರೆ ತಾಲ್ಲೂಕು, ಬೇರೆ ನಾಲೆ, ಬೇರೆ ಠಾಣೆ. ಆದರೂ ಸೊಂಟದ ಮಟ್ಟಕ್ಕೆ ಕತ್ತರಿಸಿದ ರೀತಿ, ಕಟ್ಟಿದ ಕಾಲುಗಳು, ಎರಡೂ ಕಡೆ ಕೆಳಭಾಗ ಮಾತ್ರ ನೀರಿಗೆ ಬಂದಿರುವುದು, ಇಷ್ಟನ್ನು ಪಕ್ಕಪಕ್ಕ ಇಟ್ಟು ನೋಡಿದವರಿಗೆ ಇದು ಒಂದೇ ಕೈಯ ಕೆಲಸ ಎಂಬ ಅನುಮಾನ ಬಂದೇ ಬರುತ್ತದೆ. ಪ್ರಕರಣಗಳನ್ನು ಹೀಗೆ ಬೆಸೆಯುವುದೇ ಈ ವಿದ್ಯೆಯ ಗಟ್ಟಿ ಭಾಗ. ಕೃತ್ಯ ನಡೆಸಲು ಮತ್ತು ಸಿಕ್ಕಿಬೀಳದಿರಲು ಅಪರಾಧಿ ಅಗತ್ಯವಾಗಿ ಮಾಡುವುದು ಯಾವುದು, ಅಗತ್ಯವಿಲ್ಲದಿದ್ದರೂ ತನ್ನ ಮನಸ್ಸಿನ ಹಸಿವಿಗಾಗಿ ಮಾಡುವುದು ಯಾವುದು ಎಂದು ಪರಿಣತರು ಬಿಡಿಸಿ ನೋಡುತ್ತಾರೆ. ದೇಹವನ್ನು ತುಂಡು ಮಾಡಿರುವುದು ಕ್ರೌರ್ಯದ ಆನಂದಕ್ಕೋ, ಗುರುತು ಅಳಿಸುವುದಕ್ಕೋ? ಮೊದಲನೆಯದು ಎಂದುಕೊಂಡರೆ ಹುಚ್ಚನನ್ನು ಹುಡುಕುತ್ತೀರಿ. ಎರಡನೆಯದು ಎಂದುಕೊಂಡರೆ ಸತ್ತವಳನ್ನು ಬಲ್ಲವನನ್ನು ಹುಡುಕುತ್ತೀರಿ. ಗುರುತು ಸಿಕ್ಕರೆ ತಾನೂ ಸಿಕ್ಕಿಬೀಳುತ್ತೇನೆ ಎಂಬ ಭಯ ಪರಿಚಯದವನಿಗೇ ಹೆಚ್ಚು.

ನಿಮ್ಮ ಕಾದಂಬರಿಯ ನಾಯಕನ ವಂಶಾವಳಿ ಅಮೆರಿಕದ್ದು. ನ್ಯೂಯಾರ್ಕಿನಲ್ಲಿ 1940ರಿಂದ 1956ರವರೆಗೆ ಒಬ್ಬ ಅಜ್ಞಾತ ವ್ಯಕ್ತಿ ಸಿನಿಮಾ ಮಂದಿರ, ರೈಲು ನಿಲ್ದಾಣಗಳಲ್ಲಿ ಬಾಂಬಿಡುತ್ತಿದ್ದ. ಪೊಲೀಸರು ಜೇಮ್ಸ್ ಬ್ರಸೆಲ್ ಎಂಬ ಮನೋವೈದ್ಯರ ಮೊರೆಹೋದರು. ಅವರು ಕೊಟ್ಟ ಚಿತ್ರಣದಲ್ಲಿ ಆತ ಸಿಕ್ಕಾಗ ಗುಂಡಿ ಹಾಕಿದ ಡಬಲ್ ಬ್ರೆಸ್ಟೆಡ್ ಕೋಟು ತೊಟ್ಟಿರುತ್ತಾನೆ ಎಂಬುದೂ ಇತ್ತಂತೆ. 1957ರ ಜನವರಿಯಲ್ಲಿ ಜಾರ್ಜ್ ಮೆಟೆಸ್ಕಿ ಸಿಕ್ಕ. ಬ್ರಸೆಲ್ ದಂತಕತೆಯಾದರು. ಆದರೆ ಮೆಟೆಸ್ಕಿಯ ಹೆಸರನ್ನು ಹೆಕ್ಕಿ ತೆಗೆದವರು ಆಲಿಸ್ ಕೆಲ್ಲಿ ಎಂಬ ಗುಮಾಸ್ತೆ. ಅವನು ಹಿಂದೆ ಕೆಲಸ ಮಾಡಿ ಗಾಯಗೊಂಡಿದ್ದ ವಿದ್ಯುತ್ ಕಂಪನಿಯಲ್ಲಿ ಆಕೆ ಹಳೆಯ ಪರಿಹಾರದ ಕಡತಗಳನ್ನು ಹುಡುಕುತ್ತ ಕೂತಿದ್ದರು. ಬಾಂಬಿನವನ ಪತ್ರಗಳಲ್ಲಿದ್ದ ಮಾತಿನ ವರಸೆಯೇ ಒಂದು ಕಡತದಲ್ಲಿ ಕಣ್ಣಿಗೆ ಬಿತ್ತು. ಆಕೆಯ ಬಗ್ಗೆ ಯಾರೂ ಥ್ರಿಲ್ಲರ್ ಬರೆಯಲಿಲ್ಲ. ನನಗೆ ಇದು ಅನ್ಯಾಯವೆಂದೇ ತೋರುತ್ತದೆ.

ಎಫ್‌ಬಿಐ 1972ರಲ್ಲಿ ವರ್ತನಾ ವಿಜ್ಞಾನದ ಘಟಕ ತೆರೆಯಿತು. ರಾಬರ್ಟ್ ರೆಸ್ಲರ್, ಜಾನ್ ಡಗ್ಲಸ್ ಮೊದಲಾದವರು ಜೈಲಿಗೆ ಹೋಗಿ 36 ಕೊಲೆಗಾರರನ್ನು ಕೂರಿಸಿಕೊಂಡು ಮಾತಾಡಿಸಿದರು. ಕಾದಂಬರಿಕಾರ ಥಾಮಸ್ ಹ್ಯಾರಿಸ್ ಆ ಘಟಕದ ಕೆಲಸವನ್ನು ಹತ್ತಿರದಿಂದ ಕಂಡು 1981ರಲ್ಲಿ ‘ರೆಡ್ ಡ್ರ್ಯಾಗನ್’, 1988ರಲ್ಲಿ ‘ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್’ ಬರೆದ. ನೀವು ಓದಿದ ಬಗೆಯ ಪುಸ್ತಕಗಳೆಲ್ಲ ಆ ಬೇರಿನಿಂದ ಚಿಗುರಿದವು. ಒಂದು ಮಾತು ಮರೆಯಬಾರದು: ಆ 36 ಜನ ಅಮೆರಿಕದವರು, ಸಿಕ್ಕಿಬಿದ್ದವರು, ಮಾತಾಡಲು ಒಪ್ಪಿದವರು. ಅವರ ಬಾಲ್ಯದಿಂದ ತೆಗೆದ ಸೂತ್ರವನ್ನು ಕಾವೇರಿ ಬಯಲಿನ ಹಳ್ಳಿಗೆ ಹಾಗೆಯೇ ಹಾಕಿ ನೋಡಲಾಗದು.

ಸೂತ್ರವನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಲಂಡನ್ನಿನ ವಿಂಬಲ್ಡನ್ ಕಾಮನ್ ಪ್ರಕರಣ ಸಾಕ್ಷಿ. 1992ರ ಜುಲೈನಲ್ಲಿ ಹಗಲು ಹೊತ್ತಿನಲ್ಲೇ ಒಬ್ಬ ತಾಯಿಯನ್ನು ಆಕೆಯ ಎರಡು ವರ್ಷದ ಮಗನ ಕಣ್ಣೆದುರು ಇರಿದು ಕೊಂದರು. ಮನಶ್ಶಾಸ್ತ್ರಜ್ಞರೊಬ್ಬರು ಕೊಟ್ಟ ಚಿತ್ರಣಕ್ಕೆ ಹತ್ತಿರದಲ್ಲಿದ್ದ ಒಬ್ಬ ಒಂಟಿ ಯುವಕ ಹೊಂದಿಕೆಯಾದ. ಅವನ ವಿರುದ್ಧ ಸಾಕ್ಷ್ಯವಿರಲಿಲ್ಲ. ಆಗ ಮಹಿಳಾ ಪೊಲೀಸ್ ಒಬ್ಬಳು ವೇಷ ಮರೆಸಿ ಅವನ ಸ್ನೇಹ ಬೆಳೆಸಿದಳು, ಪ್ರೀತಿಯ ಆಸೆ ತೋರಿಸಿ ತಪ್ಪೊಪ್ಪಿಗೆ ಹೊರಡಿಸಲು ತಿಂಗಳುಗಟ್ಟಲೆ ಯತ್ನಿಸಿದಳು. ಅವನು ಒಪ್ಪಿಕೊಳ್ಳಲೇ ಇಲ್ಲ. ಆದರೂ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಜೈಲಿನಲ್ಲಿಟ್ಟರು. 1994ರಲ್ಲಿ ನ್ಯಾಯಾಧೀಶರು ಈ ಬಲೆಯನ್ನು ಕಟುವಾಗಿ ಖಂಡಿಸಿ ಸಾಕ್ಷ್ಯವನ್ನೇ ತಳ್ಳಿಹಾಕಿದರು. ನಿಜವಾದ ಕೊಲೆಗಾರ ರಾಬರ್ಟ್ ನ್ಯಾಪರ್. ಡಿಎನ್ಎ ಸಾಕ್ಷ್ಯದ ಮುಂದೆ ಅವನು ಕೃತ್ಯ ಒಪ್ಪಿಕೊಂಡದ್ದು 2008ರಲ್ಲಿ. ಪೊಲೀಸರು ತಪ್ಪು ಮನುಷ್ಯನ ಹಿಂದೆ ಬಿದ್ದಿದ್ದ ಹೊತ್ತಿನಲ್ಲೇ, 1993ರ ನವೆಂಬರಿನಲ್ಲಿ, ಅವನು ಇನ್ನೊಬ್ಬ ತಾಯಿಯನ್ನೂ ಆಕೆಯ ಪುಟ್ಟ ಮಗಳನ್ನೂ ಕೊಂದಿದ್ದ. ತಪ್ಪು ಪ್ರೊಫೈಲಿನ ಬೆಲೆ ಅದು.

ನಮ್ಮಲ್ಲಿ ಮನಸ್ಸನ್ನು ಬಲವಂತವಾಗಿ ತೆರೆಯಲು ಹೋದವರಿಗೆ ಸುಪ್ರೀಂ ಕೋರ್ಟ್ 2010ರಲ್ಲೇ ಗೆರೆ ಎಳೆದಿದೆ. ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಎಂಬ ತೀರ್ಪು. ವ್ಯಕ್ತಿಯ ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ಮಾಡುವಂತಿಲ್ಲ. ಒಂದು ಕಾಲಕ್ಕೆ ದೇಶದ ನಾನಾ ಕಡೆಯ ಆರೋಪಿಗಳನ್ನು ಮಂಪರು ಪರೀಕ್ಷೆಗೆಂದು ಬೆಂಗಳೂರಿಗೇ ಕರೆತರುತ್ತಿದ್ದರು ಎಂಬುದು ಆಗಿನ ಪತ್ರಿಕೆ ಓದಿದವರಿಗೆ ನೆನಪಿರುತ್ತದೆ.

ಪ್ರೊಫೈಲಿಂಗ್ ಇದ್ದಿದ್ದರೆ ಜೀವಗಳು ಉಳಿಯುತ್ತಿದ್ದವು ಎನಿಸುವ ಪ್ರಕರಣವೂ ನಮ್ಮಲ್ಲೇ ಇದೆ. ಅದು ಸಯನೈಡ್ ಮೋಹನನದು. ದಕ್ಷಿಣ ಕನ್ನಡದ ಈ ಪ್ರಾಥಮಿಕ ಶಾಲೆಯ ಮೇಷ್ಟ್ರು 2003ರಿಂದ 2009ರವರೆಗೆ 20 ಯುವತಿಯರನ್ನು ಕೊಂದ. ಮದುವೆಯಾಗುತ್ತೇನೆ ಎಂದು ನಂಬಿಸಿ ದೂರದ ಊರಿಗೆ ಕರೆದೊಯ್ಯುತ್ತಿದ್ದ. ಲಾಡ್ಜಿನಲ್ಲಿ ಒಡವೆ ಬಿಚ್ಚಿಡಿಸಿ, ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಕರೆತಂದು, ಗರ್ಭ ನಿಲ್ಲದಿರಲು ಎಂದು ಸುಳ್ಳು ಹೇಳಿ ಮಾತ್ರೆ ಕೊಡುತ್ತಿದ್ದ. ಹುಡುಗಿ ನಿಲ್ದಾಣದ ಶೌಚಾಲಯದಲ್ಲಿ ಬಿದ್ದು ಸಾಯುತ್ತಿದ್ದಳು. ಮೈಸೂರು, ಹಾಸನ, ಮಡಿಕೇರಿ, ಬೆಂಗಳೂರು, ಹೀಗೆ ಬೇರೆ ಬೇರೆ ಠಾಣೆಗಳಲ್ಲಿ ಒಂದೊಂದೂ ಪ್ರತ್ಯೇಕ ಅಸಹಜ ಸಾವು. ಗುರುತು ಸಿಗದ ಯುವತಿ, ಬಸ್ ನಿಲ್ದಾಣದ ಶೌಚಾಲಯ, ಮೈಮೇಲೆ ಒಡವೆಯಿಲ್ಲ: ಈ ಮೂರನ್ನು ಒಂದೇ ಮೇಜಿನ ಮೇಲೆ ಯಾರಾದರೂ ಹರಡಿ ನೋಡಿದ್ದರೆ ಹತ್ತನೆಯ ಹುಡುಗಿಯ ಹೊತ್ತಿಗಾದರೂ ಗುಟ್ಟು ಬಯಲಾಗುತ್ತಿತ್ತು. ಇತ್ತ ಊರಲ್ಲಿ ಬಡ ಕುಟುಂಬಗಳು ಮಗಳು ಯಾರದೋ ಜೊತೆ ಓಡಿಹೋದಳೆಂದು ನಂಬಿ, ಮರ್ಯಾದೆಗೆ ಅಂಜಿ ಸುಮ್ಮನಿದ್ದವು. 2009ರಲ್ಲಿ ಬಂಟ್ವಾಳ ತಾಲ್ಲೂಕಿನ ಒಬ್ಬ ಯುವತಿ ಕಾಣೆಯಾದಾಗ ಊರವರು ಸುಮ್ಮನೆ ಕೂರಲಿಲ್ಲ. ಠಾಣೆಯ ಮುಂದೆ ನಿಂತು ಹುಡುಕಿಕೊಡಿ ಎಂದು ಹಟ ಹಿಡಿದರು. ಆಕೆಯ ಫೋನ್ ಕರೆಗಳ ಬೆನ್ನು ಹತ್ತಿದಾಗ ಒಂದು ನಾಪತ್ತೆಯಿಂದ ಇನ್ನೊಂದಕ್ಕೆ ಕೊಂಡಿ ಬೆಸೆಯುತ್ತ ಹೋಯಿತು, ಅಕ್ಟೋಬರಿನಲ್ಲಿ ಮೋಹನ ಸಿಕ್ಕ. 2013ರ ಡಿಸೆಂಬರಿನಲ್ಲಿ ಮಂಗಳೂರಿನ ನ್ಯಾಯಾಲಯ ಮೊದಲು ತೀರ್ಮಾನವಾದ ಪ್ರಕರಣಗಳಲ್ಲಿ ಅವನಿಗೆ ಮರಣದಂಡನೆ ವಿಧಿಸಿತು. ಒಂದೊಂದೇ ವಿಚಾರಣೆ ಮುಗಿದು ಇಪ್ಪತ್ತನೆಯ ಪ್ರಕರಣದ ತೀರ್ಪು ಬಂದದ್ದು 2020ರಲ್ಲಿ.

ಕನ್ನಡದಲ್ಲಿ ಇಂಥ ಕಾದಂಬರಿಗಳ ಬಗ್ಗೆ ಒಂದು ಮಾತು. ಪತ್ತೇದಾರಿ ನಮಗೆ ಹೊಸತಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದುವುದಕ್ಕಾಗಿಯೇ ಅಕ್ಷರ ಕೂಡಿಸಿ ಓದಲು ಕಲಿತವರು ಹಳೇ ಮೈಸೂರು ಸೀಮೆಯಲ್ಲಿ ಬಹಳ ಜನ. ಮನಸ್ಸಿನ ಕಗ್ಗಂಟನ್ನು ಬಿಡಿಸುವ ಬರಹವೂ ಹೊಸತಲ್ಲ. ತ್ರಿವೇಣಿಯವರ ‘ಶರಪಂಜರ’, ‘ಬೆಕ್ಕಿನ ಕಣ್ಣು’ ಇವೆ. ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಈ ಎರಡು ಹೊಳೆಗಳು ಕೂಡಿದ ದೊಡ್ಡ ಕಾದಂಬರಿ ಮಾತ್ರ ಬರಬೇಕಾಗಿದೆ. ಬರೆಯುವವರು ಹೊರಗಿನ ಜಾಣ ಪರಿಣತನನ್ನು ಎರವಲು ತರುವುದು ಬೇಡ. ಸಾವಿರ ನಾಪತ್ತೆ ದೂರುಗಳ ಮುಂದೆ ಕೂತು ಒಂದೊಂದೇ ಫೋಟೋದ ಎತ್ತರ, ವಯಸ್ಸು, ಕಾಲಿನ ಮಚ್ಚೆ ಹೋಲಿಸುವ ಠಾಣೆಯ ಹೆಡ್ ಕಾನ್‌ಸ್ಟೇಬಲ್ ಒಬ್ಬನನ್ನು ನಾಯಕನಾಗಿ ಇಟ್ಟುಕೊಂಡರೆ ಸಾಕು. ಆ ಕೆಲಸದಲ್ಲಿರುವ ಕುತೂಹಲ, ದಣಿವು, ಸಂಕಟ ಯಾವ ಥ್ರಿಲ್ಲರಿಗೂ ಕಡಿಮೆಯಲ್ಲ.

ಕೊನೆಯದಾಗಿ ನಿಮಗೂ ನಿಮ್ಮೂರಿನವರಿಗೂ ಒಂದು ವಿನಂತಿ. ಮನೆಯವರು ಕಾಣದಿದ್ದರೆ 24 ಗಂಟೆ ಕಾದು ಬನ್ನಿ ಎಂಬ ನಿಯಮ ಎಲ್ಲೂ ಇಲ್ಲ. ಅವತ್ತೇ ಹೋಗಿ ದೂರು ಕೊಡಿ, ಇಲ್ಲವೇ 112ಕ್ಕೆ ಕರೆ ಮಾಡಿ. ಅಪರಾಧದ ಅನುಮಾನವಿದ್ದರೆ ‘ನಮ್ಮ ಸರಹದ್ದಲ್ಲ’ ಎಂದು ಠಾಣೆಯವರು ವಾಪಸು ಕಳಿಸುವಂತಿಲ್ಲ, ಯಾವ ಠಾಣೆಯಲ್ಲಾದರೂ ದೂರು ದಾಖಲಿಸಲೇಬೇಕು. ಈಚಿನ ಫೋಟೋ, ಬಳಸುತ್ತಿದ್ದ ಎಲ್ಲ ಮೊಬೈಲ್ ನಂಬರುಗಳು, ಎತ್ತರ, ಮೈಮೇಲಿನ ಮಚ್ಚೆ, ಹಳೆಯ ಗಾಯ, ಆಪರೇಷನ್ ಗುರುತು, ಕಾಲುಂಗುರದ ಬಗೆ ಎಲ್ಲವನ್ನೂ ಬರೆಸಿ. ಹೋದವಳು ಯಾರ ಜೊತೆ ಹೋದಳು, ಏನು ಕೆಲಸ ಮಾಡುತ್ತಿದ್ದಳು, ಊರವರು ಏನೆನ್ನುತ್ತಾರೆ ಎಂಬ ನಾಚಿಕೆ ಬೇಡ. ದಯವಿಟ್ಟು ಹೋಗಿ ಬರೆಸಿ.